ಹಾಪ್ಸ್‌ನ ಕಹಿಗೆ ಜನ ಮನಸೋಲುವುದೇಕೆ? ಗಾಂಜಾ ಗಿಡದ ನಂಟಿಗೂ ಇದಕ್ಕೂ ಸಂಬಂಧವಿದೆಯೇ?

ಕುತೂಹಲಿ:
ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸವಿರುವ ಗೆಳೆಯರೊಬ್ಬರು ಕಳೆದ ವಾರ ನನಗೊಂದು ಪೊಟ್ಟಣ ಹಾಪ್ಸ್ ಕೊಟ್ಟರು. ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಒಣಗಿಸಿ, ಪುಡಿ ಮಾಡಿ, ಒತ್ತಿ ತಯಾರಿಸಿದ ಹಸಿರು ಗುಳಿಗೆಗಳು ಅವು. ಮೂಗಿನ ಬಳಿ ಹಿಡಿದರೆ ನಿಂಬೆಸಿಪ್ಪೆ, ಪೈನ್ ಮರದ ಅಂಟು ಮತ್ತು ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆಗಳೆಲ್ಲ ಒಟ್ಟಿಗೇ ಬಂದವು. ಇಷ್ಟು ಚೆನ್ನಾಗಿರುವುದನ್ನು ತಿಂದು ನೋಡೋಣವೆಂದು ಒಂದು ಗುಳಿಗೆಯನ್ನು ಕಚ್ಚಿದೆ. ಅದು ತಪ್ಪಾಯಿತು. ಬಾಯಿ ಮೂರು ಸಲ ಮುಕ್ಕಳಿಸಿದರೂ ಅರ್ಧ ಗಂಟೆ ಕಾಲ ಕುಡಿದ ನೀರೂ ಕಹಿಯೇ.

ನನ್ನ ಪ್ರಶ್ನೆ ಸರಳವಾದದ್ದು. ಇಷ್ಟು ಕಹಿಯಾದ ಹೂವನ್ನು ಜನ ಸಾವಿರ ವರ್ಷಗಳಿಂದ ಬಿಯರಿಗೆ ಹಾಕುತ್ತಾ ಬಂದಿರುವುದೇಕೆ? ಇದು ಗಾಂಜಾ ಗಿಡದ ದಾಯಾದಿ, ಅದರ ಮೋಡಿಯ ಗುಟ್ಟು ಅಲ್ಲಿಯೇ ಇದೆ ಎನ್ನುವುದು ಗೆಳೆಯರ ವಾದ. ಇದರಲ್ಲಿ ನಿಜವೆಷ್ಟು?

ಎಲೆಬೇರು:
ದಾಯಾದಿ ಎನ್ನುವ ಮಾತು ಅಕ್ಷರಶಃ ನಿಜ, ಮೋಡಿಯ ಗುಟ್ಟು ಅಲ್ಲಿದೆ ಎನ್ನುವುದು ಮಾತ್ರ ಸುಳ್ಳು.

ಹಾಪ್ಸ್‌ನ ವೈಜ್ಞಾನಿಕ ಹೆಸರು ಹ್ಯುಮುಲಸ್ ಲೂಪುಲಸ್. ಅದೂ ಗಾಂಜಾವೂ ಕ್ಯಾನಬೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರುತ್ತವೆ. ಎರಡರ ಪೂರ್ವಜರು ಬೇರೆಯಾಗಿ ಎರಡು ಕೋಟಿ ವರ್ಷಗಳಾದರೂ ಆಗಿವೆ ಎಂಬುದು ಈಗಿನ ಅಂದಾಜು. ಎರಡರಲ್ಲೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡರ ಪರಾಗವನ್ನೂ ಗಾಳಿಯೇ ಒಯ್ಯುತ್ತದೆ. ಎರಡರಲ್ಲೂ ನಾವು ಬಯಸುವುದು ಹೆಣ್ಣು ಹೂವಿನ ಮೇಲಿರುವ ಸೂಕ್ಷ್ಮ ಗ್ರಂಥಿಗಳಲ್ಲಿ ಒಸರುವ ಅಂಟನ್ನು. ಹಾಪ್ಸ್‌ನಲ್ಲಿ ಆ ಹಳದಿ ಅಂಟುಪುಡಿಗೆ ಲೂಪುಲಿನ್ ಎಂದು ಹೆಸರು. ಬೀಜ ಕಟ್ಟಿದ ಹೂ ಬೇಡವಾದ್ದರಿಂದ ಎರಡರ ಬೆಳೆಗಾರರೂ ಗಂಡು ಗಿಡವನ್ನು ಕಂಡಕೂಡಲೇ ಕಿತ್ತೆಸೆಯುವುದು ಸಾಮಾನ್ಯ.

ಆದರೆ ಮತ್ತು ತರುವ ಟಿಎಚ್‌ಸಿ ಎಂಬ ವಸ್ತುವನ್ನು ಹಾಪ್ಸ್ ತಯಾರಿಸುವುದಿಲ್ಲ. ಬಿಯರಿನ ಅಮಲೆಲ್ಲ ಯೀಸ್ಟ್ ತಯಾರಿಸಿದ ಆಲ್ಕೋಹಾಲಿನದು.

ಕಹಿಪ್ರಿಯ:
ಗಾಂಜಾದ ಬೇರಿನ ಮೇಲೆ ಹಾಪ್ಸ್ ಕಸಿ ಕಟ್ಟಿದರೆ ಹಾಪ್ಸ್‌ನ ಎಲೆಗೂ ಅಮಲಿನ ಗುಣ ಬರುತ್ತದೆ ಎಂದು ಎಲ್ಲೋ ಓದಿದ ನೆನಪು. ಎಲೆಬೇರು ಅವರು ಇದಕ್ಕೇನು ಹೇಳುತ್ತಾರೆ?

ಎಲೆಬೇರು:
ಕಹಿಪ್ರಿಯ ಅವರೇ, ಅದು ಬಹಳ ಹಳೆಯ ಕಥೆ. ಅಂಥ ಕಸಿ ಕೂಡಿಕೊಳ್ಳುತ್ತದೆ ಎನ್ನುವುದು ನಿಜ, ಏಕೆಂದರೆ ಗಿಡಗಳು ಅಷ್ಟು ಹತ್ತಿರದವು. ಆದರೆ 1975ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಯಲ್ಲಿ ಹೀಗೆ ಕಸಿ ಮಾಡಿದ ಹಾಪ್ಸ್‌ನಲ್ಲಿ ಕ್ಯಾನಬಿನಾಯ್ಡ್‌ಗಳು, ಅಂದರೆ ಟಿಎಚ್‌ಸಿ ಜಾತಿಯ ವಸ್ತುಗಳು, ಕಂಡುಬರಲಿಲ್ಲ. ಆ ವಸ್ತುಗಳನ್ನು ತಯಾರಿಸುವುದು ಹೂ ಮತ್ತು ಎಲೆಗಳ ಗ್ರಂಥಿಗಳೇ ಹೊರತು ಬೇರಲ್ಲ. ಬೇರನ್ನು ಬದಲಿಸಿದರೆ ಅಡುಗೆಮನೆ ಬದಲಾಗುವುದಿಲ್ಲ.

ಕಹಿಪ್ರಿಯ:
ಒಪ್ಪಿದೆ. ನಾನು ಎರಡು ವರ್ಷ ನಂಬಿಕೊಂಡಿದ್ದೆ.

ನೊರೆನೋಟ:
ಕುತೂಹಲಿ ಅವರ ಮೊದಲ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದು ನನ್ನ ದಿನನಿತ್ಯದ ವಿಷಯ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಸಿಹಿರಸಕ್ಕೆ ವರ್ಟ್ ಎನ್ನುತ್ತಾರೆ. ಹಾಪ್ಸ್ ಹಾಕದೆ ಅದನ್ನು ಹುದುಗಿಸಿ ಕುಡಿದು ನೋಡಿ. ಎರಡು ಗುಟುಕಿಗೆ ನಾಲಿಗೆಗೆ ಸಾಕೆನಿಸುತ್ತದೆ. ಯೀಸ್ಟ್ ತಿನ್ನಲಾರದ ಶರ್ಕರಗಳು ಅದರಲ್ಲಿ ಉಳಿದಿರುವುದರಿಂದ ಒಂದು ಬಗೆಯ ಜಿಗುಟಾದ ಮಂದತನ ಇರುತ್ತದೆ. ಅದನ್ನು ಕತ್ತರಿಸುವುದು ಕಹಿ. ಕಹಿ ಮುಗಿದೊಡನೆ ನಾಲಿಗೆ ಮತ್ತೆ ಸಿಹಿಯನ್ನು ಬಯಸುತ್ತದೆ, ಸಿಹಿ ಬಂದೊಡನೆ ಮತ್ತೆ ಕಹಿ ಬೇಕೆನಿಸುತ್ತದೆ. ಎರಡನೆಯ ಗ್ಲಾಸಿಗೆ ಕೈ ಚಾಚುವುದು ಈ ಎಳೆದಾಟದಿಂದ.

ಇನ್ನು ಗುಳಿಗೆಯನ್ನು ಕಚ್ಚಿದಾಗ ನಿಮಗೆ ಸಿಕ್ಕ ಕಹಿಯೇ ಬಿಯರಿನಲ್ಲಿ ಇರುವುದಿಲ್ಲ. ಹಾಪ್ಸ್‌ನ ಆಲ್ಫಾ ಆಮ್ಲಗಳು ವರ್ಟಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಂದು ಗಂಟೆ ಕುದಿಸಿದಾಗ ಅವುಗಳ ಅಣುರಚನೆ ಮರುಜೋಡಣೆಯಾಗಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ಕರಗುವುದೂ ಕಹಿ ಕೊಡುವುದೂ ಅವೇ. ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಇದ್ದರೆ ಒಂದು ಐಬಿಯು ಎಂದು ಕಹಿಯ ಲೆಕ್ಕ. ತೆಳು ಲಾಗರ್ ಬಿಯರ್‌ಗಳಲ್ಲಿ ಹತ್ತರ ಆಸುಪಾಸು, ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಹೆಚ್ಚು ಹಾಪ್ಸ್‌ನ ಬಿಯರ್‌ಗಳಲ್ಲಿ ನಲವತ್ತರಿಂದ ಎಪ್ಪತ್ತರವರೆಗೆ ಇರುತ್ತದೆ.

ಕಂಪಿನ ಕಥೆ ಇದಕ್ಕೆ ತದ್ವಿರುದ್ಧ. ಸುವಾಸನೆಯ ಎಣ್ಣೆಗಳು ಕುದಿಯುವಾಗ ಹಬೆಯೊಂದಿಗೆ ಹಾರಿಹೋಗುತ್ತವೆ. ಆದ್ದರಿಂದ ಕಹಿಗೆ ಬೇಕಾದ ಹಾಪ್ಸ್ ಅನ್ನು ಕುದಿಯ ಆರಂಭದಲ್ಲಿ, ಪರಿಮಳಕ್ಕೆ ಬೇಕಾದದ್ದನ್ನು ಒಲೆ ಆರಿಸುವ ಹೊತ್ತಿಗೆ ಅಥವಾ ಬಿಯರ್ ಹುದುಗಿ ತಣ್ಣಗಾದ ಮೇಲೆ ಹಾಕುತ್ತೇವೆ. ಈ ಕೊನೆಯದಕ್ಕೇ ಡ್ರೈ ಹಾಪಿಂಗ್ ಎನ್ನುವುದು.

ಚಹಾಪಕ್ಷ:
ನಾನು ಮದ್ಯ ಮುಟ್ಟುವವನಲ್ಲ, ಆದರೂ ಓದುತ್ತಿದ್ದೇನೆ. ಚಹಾದ ಸೊಪ್ಪನ್ನು ಹೆಚ್ಚು ಕುದಿಸಿದರೆ ಒಗರಾಗಿ ಪರಿಮಳ ಕಳೆದುಕೊಳ್ಳುವ ಹಾಗೆಯೇ ಇದೂ ಎಂದು ತಿಳಿಯಬಹುದೇ?

ನೊರೆನೋಟ:
ಪರಿಮಳದ ಮಟ್ಟಿಗೆ ಹೌದು, ಚಹಾಪಕ್ಷ ಅವರೇ. ಆದರೆ ಒಗರು ಬೇರೆ, ಕಹಿ ಬೇರೆ. ಚಹಾದಲ್ಲಿ ಹೆಚ್ಚು ಕುದಿ ತಪ್ಪು, ಇಲ್ಲಿ ಕಹಿಗೆ ಅದು ಅಗತ್ಯ.

ಮಾಲ್ಟ್‌ವಾದಿ:
ಎಲ್ಲರೂ ಹಾಪ್ಸ್‌ನ ಗುಣಗಾನ ಮಾಡುತ್ತಿರುವುದರಿಂದ ನಾನು ವಿರೋಧ ಪಕ್ಷದಲ್ಲಿ ಕೂರುತ್ತೇನೆ. ಮನುಷ್ಯ ಹುಟ್ಟಿನಿಂದಲೇ ಕಹಿಯನ್ನು ಉಗುಳುವ ಪ್ರಾಣಿ. ಪ್ರಕೃತಿಯಲ್ಲಿ ಕಹಿ ಎಂದರೆ ಬಹುಪಾಲು ವಿಷದ ಸೂಚನೆ. ನಾಲಿಗೆಯ ಮೇಲೆ ಅದಕ್ಕಾಗಿಯೇ ಸುಮಾರು ಇಪ್ಪತ್ತೈದು ಬಗೆಯ ಗ್ರಾಹಕಗಳಿವೆ. ಹಾಗಿರುವಾಗ ಕಹಿ ಇಷ್ಟ ಎನ್ನುವವರಲ್ಲಿ ಅರ್ಧದಷ್ಟು ಜನ ಒಗ್ಗಿಕೊಂಡವರು, ಉಳಿದರ್ಧ ಜನ ಒಗ್ಗಿಕೊಂಡಂತೆ ನಟಿಸುವವರು ಎಂಬುದು ನನ್ನ ಅನುಮಾನ. ಈಚಿನ ಕೆಲವು ಬಿಯರ್‌ಗಳನ್ನು ಕುಡಿದರೆ ಮಾಲ್ಟ್ ಎಂಬುದೊಂದು ಅದರಲ್ಲಿ ಇತ್ತೇ ಎಂದು ಹುಡುಕಬೇಕಾಗುತ್ತದೆ.

ಕಹಿಪ್ರಿಯ:
ಮಾಲ್ಟ್‌ವಾದಿಗಳೇ, ಒಗ್ಗಿಕೊಳ್ಳುವುದು ನಟನೆಯಲ್ಲ. ಕಾಫಿ, ಹಾಗಲಕಾಯಿ, ಕಡುಬಣ್ಣದ ಚಾಕೊಲೇಟ್, ಇವೆಲ್ಲವೂ ಒಗ್ಗಿಸಿಕೊಂಡ ರುಚಿಗಳೇ. ಕಹಿ ತಿಂದೂ ಏನೂ ಆಗಲಿಲ್ಲ, ಜೊತೆಗೆ ಹಿತವೂ ಆಯಿತು ಎಂದು ಮೈ ಕಲಿತ ಮೇಲೆ ಅದೇ ಕಹಿ ಹಿತದ ಸೂಚನೆಯಾಗುತ್ತದೆ. ನಾನು ಮೊದಲ ಐಪಿಎಯನ್ನು ಅರ್ಧಕ್ಕೆ ಬಿಟ್ಟವನು. ಈಗ ನನ್ನ ಹೆಸರು ನೋಡಿ.

ಮಾಲ್ಟ್‌ವಾದಿ:
ನಿಮ್ಮ ಹೆಸರು ನೋಡಿಯೇ ಬರೆದೆ.

ಹಳೆಯ ಕಡತ:
ರುಚಿಯ ಜಗಳ ಒಂದು ಕಡೆ ಇರಲಿ. ಹಾಪ್ಸ್ ಬಿಯರಿಗೆ ಬಂದದ್ದು ರುಚಿಗಿಂತ ಬಾಳಿಕೆಗಾಗಿ ಎಂದು ನನ್ನ ಅಭಿಪ್ರಾಯ.

ಮೊದಲು ಯುರೋಪಿನಲ್ಲಿ ಗ್ರೂಯಿಟ್ ಎಂಬ ಸೊಪ್ಪಿನ ಮಿಶ್ರಣವನ್ನು ಹಾಕುತ್ತಿದ್ದರು. ಜೌಗು ನೆಲದ ಬಾಗ್ ಮರ್ಟಲ್, ‘ಯಾರೋ’ (yarrow) ಎಂಬ ಸೊಪ್ಪು ಮೊದಲಾದ ಗಿಡಗಳು ಅದರಲ್ಲಿರುತ್ತಿದ್ದವು. ಅದನ್ನು ಮಾರುವ ಹಕ್ಕು ಹಲವೆಡೆ ಚರ್ಚಿನ ಅಥವಾ ಊರಿನ ಒಡೆಯರ ಕೈಯಲ್ಲಿತ್ತು, ಆದ್ದರಿಂದ ಅದೊಂದು ಬಗೆಯ ತೆರಿಗೆಯೂ ಆಗಿತ್ತು. ಫ್ರಾನ್ಸಿನ ಕಾರ್ಬಿ ಮಠದ ಮುಖ್ಯಸ್ಥ ಅಡಾಲ್‌ಹಾರ್ಡ್ 822ರಲ್ಲಿ ಬರೆಸಿದ ನಿಯಮಗಳಲ್ಲಿ ಬಿಯರ್ ತಯಾರಿಯ ಸಂದರ್ಭದಲ್ಲಿ ಹಾಪ್ಸ್‌ನ ಪ್ರಸ್ತಾಪ ಬರುತ್ತದೆ. 12ನೆಯ ಶತಮಾನದಲ್ಲಿ ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್, ಹಾಪ್ಸ್‌ನ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆ ಎಂದು ಸ್ಪಷ್ಟವಾಗಿಯೇ ಬರೆದರು. ಮನುಷ್ಯನಲ್ಲಿ ವಿಷಾದವನ್ನು ಹೆಚ್ಚಿಸುತ್ತದೆ ಎಂದೂ ಸೇರಿಸಿದರು. ಇಂಗ್ಲೆಂಡಿನಲ್ಲಂತೂ ಬಹುಕಾಲ ಹಾಪ್ಸ್ ಇಲ್ಲದ್ದು ಏಲ್, ಹಾಪ್ಸ್ ಇರುವುದು ಬಿಯರ್ ಎಂದು ಎರಡು ಬೇರೆ ಪಾನೀಯಗಳೇ ಇದ್ದವು. ಕೆಡದೆ ಉಳಿಯುವ ಬಿಯರನ್ನು ದೂರ ಸಾಗಿಸಿ ಮಾರಬಹುದಾಗಿತ್ತು. ವ್ಯಾಪಾರಿಗಳಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇಕೇ?

ಕಹಿಪ್ರಿಯ:
1516ರ ಬವೇರಿಯಾದ ಶುದ್ಧತೆಯ ಕಾಯಿದೆಯನ್ನು ಮರೆತಿರಿ. ನೀರು, ಬಾರ್ಲಿ, ಹಾಪ್ಸ್, ಯೀಸ್ಟ್ ಈ ನಾಲ್ಕನ್ನು ಬಿಟ್ಟು ಬೇರೇನೂ ಹಾಕಬಾರದೆಂದು ಅದರಲ್ಲಿತ್ತು.

ಹಳೆಯ ಕಡತ:
ಮೂರು, ನಾಲ್ಕಲ್ಲ. ಯೀಸ್ಟ್‌ನ ಹೆಸರು ಅದರಲ್ಲಿಲ್ಲ. ಕಾಯಿದೆಯಲ್ಲಿ ದೊಡ್ಡ ಪಾಲು ಬಿಯರನ್ನು ಎಷ್ಟಕ್ಕೆ ಮಾರಬೇಕೆಂಬುದರ ಕುರಿತಾದದ್ದು. ಶುದ್ಧತೆಯ ಕಾಯಿದೆ ಎಂಬ ಹೆಸರು ಬಂದದ್ದು ಬಹಳ ಕಾಲದ ಮೇಲೆ.

ಕಂದು ಬಾಟಲಿ:
ಬಾಳಿಕೆಯ ಬಗ್ಗೆ ಒಂದು ತಿದ್ದುಪಡಿ. ಹಾಪ್ಸ್ ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದಿಲ್ಲ. ಅದರ ಆಮ್ಲಗಳು ಗ್ರಾಂ ಪಾಸಿಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಕೋಶಪೊರೆಯ ಮೂಲಕ ಒಳನುಗ್ಗಿ ಅವುಗಳ ಆಮ್ಲಸಮತೋಲವನ್ನು ಕೆಡಿಸುತ್ತವೆ. ಯೀಸ್ಟ್‌ಗೆ ಹೆಚ್ಚೇನೂ ಆಗುವುದಿಲ್ಲ, ಅದೇ ನಮ್ಮ ಅದೃಷ್ಟ. ಆದರೆ ಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್‌ನಂಥ ಕೆಲವು ಹಾಪ್ಸ್‌ಗೂ ಜಗ್ಗದೆ ಬೆಳೆದು ಬಿಯರನ್ನು ಹುಳಿ ಮಾಡಿಬಿಡುತ್ತವೆ.

ಕಾಯುವ ಹಾಪ್ಸ್‌ಗೂ ಒಂದು ದೌರ್ಬಲ್ಯವಿದೆ: ಬೆಳಕು. ಬಿಸಿಲು ಬಿದ್ದರೆ ಬಿಯರಿನಲ್ಲಿರುವ ರೈಬೋಫ್ಲೇವಿನ್ ಬೆಳಕನ್ನು ಹೀರಿ ಐಸೋ ಆಲ್ಫಾ ಆಮ್ಲಗಳನ್ನು ಮುರಿಯುತ್ತದೆ, ಆ ಚೂರು ಗಂಧಕದೊಂದಿಗೆ ಸೇರಿ ಸ್ಕಂಕ್ ಪ್ರಾಣಿಯ ಸ್ರಾವದ್ದೇ ಜಾತಿಯ ನಾತವಾಗುತ್ತದೆ. ಕೆಲವೇ ನಿಮಿಷ ಸಾಕು. ಒಮ್ಮೆ ಹೊರಗಡೆ ಊಟಕ್ಕೆ ಕುಳಿತಾಗ ಗ್ಲಾಸಿನ ಮೊದಲರ್ಧ ಚೆನ್ನಾಗಿದ್ದು ಕೊನೆಯರ್ಧ ನಾರಿತು. ಬಡಿಸಿದವರ ಮೇಲೆ ರೇಗಿದೆ. ತಪ್ಪು ನನ್ನದೇ ಆಗಿತ್ತು, ಗ್ಲಾಸನ್ನು ಬಿಸಿಲಿನಲ್ಲಿ ಇಟ್ಟುಕೊಂಡು ಹರಟುತ್ತಿದ್ದವನು ನಾನು. ಬಾಟಲಿಗೆ ಕಂದು ಬಣ್ಣ ಬಂದದ್ದು ಸುಮ್ಮನೆ ಅಲ್ಲ.

ತುರಚಿ:
ಎಲೆಬೇರು ಅವರು ಕುಟುಂಬದ ಮಾತನ್ನು ಎರಡೇ ಗಿಡಕ್ಕೆ ನಿಲ್ಲಿಸಿದ್ದು ನನಗೆ ಸರಿಬರಲಿಲ್ಲ. ಮೊದಲು ಹಾಪ್ಸ್ ಅನ್ನು ನನ್ನ ಹೆಸರಿನ ಗಿಡದ ಕುಟುಂಬಕ್ಕೇ ಸೇರಿಸಿದ್ದರಲ್ಲವೇ?

ಎಲೆಬೇರು:
ತುರಚಿ ಅವರೇ, ನಿಮ್ಮ ದೂರು ನ್ಯಾಯವಾದದ್ದು. ಲಿನ್ನೇಯಸ್ 1753ರಲ್ಲಿ ಹಾಪ್ಸ್‌ಗೆ ಈಗಿನ ಹೆಸರು ಕೊಟ್ಟ ಮೇಲೆ ಅದನ್ನು ಎಲ್ಲಿ ಕೂರಿಸಬೇಕೆಂದು ಬಹಳ ಗೊಂದಲವಿತ್ತು. ಕೆಲವರು ತುರಚಿಯ ಕುಟುಂಬಕ್ಕೆ ಸೇರಿಸಿದರು, ಕೆಲವರು ಹಿಪ್ಪುನೇರಳೆ ಮತ್ತು ಅಂಜೂರಗಳ ಕುಟುಂಬಕ್ಕೆ ಸೇರಿಸಿದರು, ಕೊನೆಗೆ ಗಾಂಜಾದೊಂದಿಗೆ ಪ್ರತ್ಯೇಕ ಮನೆ ಮಾಡಿಕೊಟ್ಟರು. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಆ ಪುಟ್ಟ ಮನೆಗೆ ಸೆಲ್ಟಿಸ್, ಟ್ರೇಮಾ ಮೊದಲಾದ ಮರಗಳೂ ಬಂದು ಸೇರಿದವು. ತುರಚಿ, ಹಿಪ್ಪುನೇರಳೆ, ಎಲ್ಮ್, ಕೊನೆಗೆ ಗುಲಾಬಿ ಸಹ ರೋಸೇಲೀಸ್ ಎಂಬ ಒಂದೇ ಗಣದಲ್ಲಿ ಇರುವುದರಿಂದ ನೀವು ದೂರದ ನೆಂಟರು, ಹೊರಗಿನವರಲ್ಲ.

ಈ ಮನೆಯಲ್ಲಿ ವಿಚಿತ್ರ ಸದಸ್ಯರಿದ್ದಾರೆ. ದ್ವಿದಳಧಾನ್ಯದ ಕುಟುಂಬದ ಹೊರಗೆ ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಬೇರಿನ ಗಂಟುಗಳಲ್ಲಿ ಸಾಕಿಕೊಂಡು ಗಾಳಿಯ ಸಾರಜನಕವನ್ನು ಪಡೆಯುವ ಗಿಡವೆಂದರೆ ಪ್ಯಾರಾಸ್ಪೋನಿಯಾ ಒಂದೇ. ಅದು ಹಾಪ್ಸ್‌ನ ದಾಯಾದಿ. ಇನ್ನೊಂದು ಸಂಗತಿ ನನಗೆ ಇನ್ನೂ ಸ್ವಾರಸ್ಯಕರ. ಟ್ರೇಮಾ ಕುಲದ ಕೆಲವು ಮರಗಳಲ್ಲಿ ಅಲ್ಪ ಪ್ರಮಾಣದ ಕ್ಯಾನಬಿನಾಯ್ಡ್‌ಗಳು ಪತ್ತೆಯಾಗಿವೆ. ಅಂದರೆ ಗಾಂಜಾದ ಅತಿ ಹತ್ತಿರದ ಹಾಪ್ಸ್‌ನಲ್ಲಿ ಇಲ್ಲದ ವಸ್ತು ದೂರದ ಮರದಲ್ಲಿದೆ! ನಂಟು ಹತ್ತಿರವಿದ್ದ ಮಾತ್ರಕ್ಕೆ ಗುಣವೂ ಒಂದೇ ಎಂದು ವಾದಿಸುವವರು ಇದನ್ನು ಗಮನಿಸಬೇಕು.

ಹಾಪ್ಸ್‌ನ ಸ್ವಂತ ಕುಲದಲ್ಲೂ ಹಾಗೆಯೇ. ಏಷ್ಯಾದ ಹ್ಯುಮುಲಸ್ ಜಪಾನಿಕಸ್ ನೋಡಲು ಥೇಟ್ ಹಾಪ್ಸ್ ಬಳ್ಳಿಯೇ, ಆದರೆ ಲೂಪುಲಿನ್ ಇಲ್ಲವೆನ್ನುವಷ್ಟು ಕಡಿಮೆ. ಬಿಯರಿಗೆ ಅದು ಕೆಲಸಕ್ಕೆ ಬಾರದು. ಹಲವೆಡೆ ಅದು ಬರಿಯ ಕಳೆ.

ಕುತೂಹಲಿ:
ಹಾಗಾದರೆ ಈ ನಂಟು ಎಲ್ಲಿಯೂ ನಾಲಿಗೆಗೋ ಮೂಗಿಗೋ ತಿಳಿಯುವುದೇ ಇಲ್ಲವೇ? ಗುಳಿಗೆಯ ವಾಸನೆಯಲ್ಲಿ ಒಂದು ಎಳೆ ಗಾಂಜಾದ ಹೊಗೆಯನ್ನು ನೆನಪಿಸಿದ್ದು ನನ್ನ ಭ್ರಮೆಯೇ?

ಎಲೆಬೇರು:
ಭ್ರಮೆಯಲ್ಲ, ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ಮಿರ್ಸೀನ್, ಹ್ಯುಮುಲೀನ್, ಕ್ಯಾರಿಯೋಫಿಲೀನ್ ಎಂಬ ಸುಗಂಧ ತೈಲಗಳು ಎರಡೂ ಗಿಡಗಳಲ್ಲಿವೆ. ಹ್ಯುಮುಲೀನ್‌ಗೆ ಆ ಹೆಸರು ಬಂದದ್ದೇ ಹಾಪ್ಸ್‌ನಿಂದ. ಅಷ್ಟೇ ಅಲ್ಲ, ಒಂದರ ಕಹಿ ಆಮ್ಲವನ್ನೂ ಇನ್ನೊಂದರ ಕ್ಯಾನಬಿನಾಯ್ಡನ್ನೂ ಕಟ್ಟುವ ಕ್ರಮ ಬಹುಮಟ್ಟಿಗೆ ಒಂದೇ. ಗ್ರಂಥಿಯೊಳಗೆ ಒಂದು ಉಂಗುರದಾಕಾರದ ಅಣುವನ್ನು ತಯಾರಿಸಿ, ಅದಕ್ಕೆ ಪ್ರೀನೈಲ್ ಎಂಬ ಬಾಲವನ್ನು ಜೋಡಿಸುವ ಕಿಣ್ವಗಳು ಎರಡರಲ್ಲೂ ಒಂದೇ ಬಗೆಯವು. ಒಂದೇ ಕುಲುಮೆಯಲ್ಲಿ ಒಬ್ಬ ಕುಡುಗೋಲು ಮಾಡಿದ, ಇನ್ನೊಬ್ಬ ಬೀಗ ಮಾಡಿದ ಎನ್ನಬಹುದು. ರೋಗದಲ್ಲಿಯೂ ಈ ನಂಟು ಕಾಣುತ್ತದೆ: ಹಾಪ್ಸ್‌ನ ಸುಪ್ತ ವೈರಾಯ್ಡ್ ಎಂಬ ಸೋಂಕು ಗಾಂಜಾ ಗಿಡಗಳಿಗೂ ತಗುಲಿ ಅಂಟಿನ ಪ್ರಮಾಣವನ್ನು ಕುಗ್ಗಿಸುತ್ತದೆ.

ಬೇಲಿಬಳ್ಳಿ:
ನಾನು ಒಮ್ಮೆ ಕೊಯ್ಲಿನ ಸಮಯದಲ್ಲಿ ಹಾಪ್ಸ್ ತೋಟದೊಳಗೆ ನಡೆದಾಡಿದ್ದೇನೆ. ಎರಡಾಳೆತ್ತರಕ್ಕೂ ಮೀರಿದ ಕಂಬಗಳ ನಡುವೆ ಕಟ್ಟಿದ ದಾರಗಳಿಗೆ ಬಳ್ಳಿಗಳು ಪ್ರದಕ್ಷಿಣೆ ಹಾಕುತ್ತ ಏರಿದ್ದವು. ಕುಡಿತಂತು ಎಂಬುದೇ ಇಲ್ಲ; ಕಾಂಡದ ಮೇಲಿನ ಕೊಕ್ಕೆಯಂಥ ಒರಟು ರೋಮಗಳಿಂದಲೇ ಅವು ಹಿಡಿದುಕೊಳ್ಳುತ್ತವೆ. ಸುಮ್ಮನೆ ಉಜ್ಜಿಕೊಂಡು ಹೋದ ನನ್ನ ಮೊಣಕೈಯಲ್ಲಿ ಕೆಂಪು ಗೆರೆಗಳೆದ್ದವು. ಹಗುರವಾದ, ಕಾಗದದಂಥ ಒಂದು ಹೂವನ್ನು ಉದ್ದಕ್ಕೆ ಸೀಳಿದರೆ ಪಕಳೆಗಳ ಬುಡದಲ್ಲಿ ಅರಿಸಿನದಂಥ ಪುಡಿ. ಬೆರಳಲ್ಲಿ ಹೊಸಕಿದಾಗ ಮೊದಲು ಹೂವಿನ ಕಂಪು, ಆಮೇಲೆ ಈರುಳ್ಳಿಯ ಛಾಯೆ ಬಂತು. ಅಂಟು ಸೋಪಿಗೂ ಹೋಗಲಿಲ್ಲ. ಸಂಜೆ ಆ ಕೈಯಲ್ಲೇ ಮುರಿದ ಬ್ರೆಡ್ಡೂ ಕಹಿಯಾಗಿತ್ತು. ಚಳಿಗಾಲದಲ್ಲಿ ಬಳ್ಳಿಯೆಲ್ಲ ಸತ್ತರೂ ಬೇರು ಉಳಿದು ಮರುವರ್ಷ ಮತ್ತೆ ಚಿಗುರುತ್ತದಂತೆ.

ಕಹಿಪ್ರಿಯ:
ಈರುಳ್ಳಿಯೊಂದೇ ಅಲ್ಲ, ಬೆಕ್ಕಿನ ಮೂತ್ರದ ವಾಸನೆಯ ಹಾಪ್ಸ್ ತಳಿಗಳೂ ಇವೆ. ನಂಬಿ.

ನೊರೆನೋಟ:
ತಮಾಷೆಯಂತೆ ಕೇಳಿಸಿದರೂ ಅದು ಸರಿ. ಗಂಧಕವಿರುವ ಥಯಾಲ್ ಎಂಬ ವಸ್ತುಗಳು ಅತ್ಯಲ್ಪವಿದ್ದಾಗ ಪೇರಲೆಯನ್ನೋ ಪ್ಯಾಷನ್ ಹಣ್ಣನ್ನೋ ನೆನಪಿಸುತ್ತವೆ, ಸ್ವಲ್ಪ ಹೆಚ್ಚಾದರೆ ಬೆಕ್ಕು ನೆನಪಾಗುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವೈ ಕಾಲೇಜಿನ ಪ್ರಾಧ್ಯಾಪಕ ಸಾಲ್ಮನ್ ಕೆನಡಾದ ಮ್ಯಾನಿಟೋಬಾದ ಕಾಡು ಹಾಪ್ಸ್ ತರಿಸಿ ಹೊಸ ತಳಿಗಳನ್ನು ಬೆಳೆಸಿದರು. ಅವುಗಳಲ್ಲಿ ಕಹಿ ಹೇರಳವಾಗಿತ್ತು, ಆದರೆ ಅಮೆರಿಕದ ಆ ವಾಸನೆ ಇಂಗ್ಲೆಂಡಿನ ಬಿಯರ್ ತಯಾರಕರಿಗೆ ಹಿಡಿಸಲಿಲ್ಲ. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿ ಚಕ್ಕೋತದಂಥ ವಾಸನೆಗಾಗಿ ಪ್ರಸಿದ್ಧವಾಯಿತು. ಆವರೆಗೆ ದೋಷವೆನಿಸಿಕೊಂಡದ್ದೇ ಈಗ ಜನ ಹುಡುಕಿಕೊಂಡು ಹೋಗುವ ಗುಣ. ಝೆಕ್ ದೇಶದ ಸಾಜ್, ಜರ್ಮನಿಯ ಹಾಲರ್‌ಟೌ ಮಿಟ್ಟೆಲ್‌ಫ್ರೂಗಳಂಥ ಹಳೆಯ ತಳಿಗಳ ಸೌಮ್ಯವಾದ ಸೊಪ್ಪಿನ ಪರಿಮಳವೇ ನನಗೆ ಇಂದಿಗೂ ಮೇಲು, ಆದರೆ ನಾನು ಅಲ್ಪಸಂಖ್ಯಾತ.

ಮಾಲ್ಟ್‌ವಾದಿ:
ಅಲ್ಪಸಂಖ್ಯಾತರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ. ಹಾಗೆಯೇ ಒಂದು ದೂರು. ಐಪಿಎ ಎಂದರೆ ಭಾರತಕ್ಕೆ ಹೋಗುವ ಹಡಗಿನಲ್ಲಿ ಕೆಡಬಾರದೆಂದು ಹಾಪ್ಸ್ ಸುರಿದು ಕಂಡುಹಿಡಿದ ಬಿಯರ್ ಎಂದು ಪ್ರತಿ ಲೇಬಲ್ಲಿನ ಮೇಲೂ ಕಥೆ ಬರೆಯುತ್ತಾರೆ. ಇದು ನಿಜವೇ?

ಹಳೆಯ ಕಡತ:
ಅರ್ಧ ನಿಜ. ಭಾರತಕ್ಕೆ ಅದಕ್ಕೂ ಮೊದಲೇ ಬಿಯರ್ ಹೋಗುತ್ತಿತ್ತು, ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಸುಸ್ಥಿತಿಯಲ್ಲೇ ತಲುಪುತ್ತಿತ್ತು. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಅವರ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಗೆ ಹತ್ತಿರವಿತ್ತು, ಹಡಗಿನ ಕಪ್ತಾನರಿಗೆ ಸಾಲವನ್ನೂ ಕೊಡುತ್ತಿತ್ತು; ಅದರ ತಿಳಿಬಣ್ಣದ, ಹೆಚ್ಚು ಹಾಪ್ಸ್ ಇದ್ದ ಏಲ್ ಹಾಗೆ ಹೆಸರಾಯಿತು. 1820ರ ದಶಕದಲ್ಲಿ ಬರ್ಟನ್ ಊರಿನವರು ಪೈಪೋಟಿಗೆ ಇಳಿದರು. ಅಲ್ಲಿನ ನೀರಿನಲ್ಲಿ ಜಿಪ್ಸಂ ಹೆಚ್ಚಾಗಿದ್ದು, ಅದು ಹಾಪ್ಸ್‌ನ ಕಹಿಯನ್ನು ಚುರುಕಾಗಿಸುತ್ತದೆ. ಯಾರೋ ಒಬ್ಬರು ಒಂದು ದಿನ ಕುಳಿತು ಕಂಡುಹಿಡಿದದ್ದಲ್ಲ.

ಚಹಾಪಕ್ಷ:
ದಿಂಬಿನಲ್ಲಿ ಹಾಪ್ಸ್ ತುಂಬಿಕೊಂಡು ಮಲಗಿದರೆ ಒಳ್ಳೆಯ ನಿದ್ದೆ ಬರುತ್ತದೆ, ಗಂಡಸರಿಗೆ ಅದು ಒಳ್ಳೆಯದಲ್ಲ ಎಂದೆಲ್ಲ ಹೇಳುತ್ತಾರಲ್ಲ?

ಎಲೆಬೇರು:
ನಿದ್ದೆಗೆ ಹಾಪ್ಸ್ ಬಳಸುವುದು ಯುರೋಪಿನ ಹಳೆಯ ರೂಢಿ, ಸಾಮಾನ್ಯವಾಗಿ ವಲೇರಿಯನ್ ಬೇರಿನೊಂದಿಗೆ ಸೇರಿಸಿ ಕೊಡುತ್ತಾರೆ. ಪ್ರಯೋಗಗಳ ಆಧಾರ ಮಾತ್ರ ಗಟ್ಟಿಯಾಗಿಲ್ಲ. ಎರಡನೆಯ ಮಾತಿಗೆ ಕಾರಣ 8-ಪ್ರೀನೈಲ್‌ನಾರಿಂಜೆನಿನ್ ಎಂಬ ಹಾಪ್ಸ್‌ನ ವಸ್ತು. ಸಸ್ಯಗಳಲ್ಲಿ ಸಿಗುವ ಈಸ್ಟ್ರೋಜೆನ್ ಸದೃಶ ವಸ್ತುಗಳಲ್ಲಿ ಅದು ಅತ್ಯಂತ ಪ್ರಬಲವಾದವುಗಳಲ್ಲೊಂದು. ಆದರೆ ಬಿಯರಿನಲ್ಲಿ ಅದರ ಪ್ರಮಾಣ ತೀರ ಕಡಿಮೆ. ಕುಡಿಯುವವರು ಚಿಂತಿಸಬೇಕಾದದ್ದು ಆಲ್ಕೋಹಾಲಿನ ಬಗ್ಗೆ.

ನೊರೆನೋಟ:
ಹಾಪ್ಸ್‌ನ ಮೇಲಿನ ಮೋಹಕ್ಕೆ ನಾನು ತೆತ್ತ ದಂಡದ ಕಥೆ ಹೇಳಿಬಿಡುತ್ತೇನೆ. ಒಮ್ಮೆ ಹುದುಗುವಿಕೆ ಮುಗಿದಿದೆ ಎಂದು ಅಳತೆ ನೋಡಿ ಖಚಿತಪಡಿಸಿಕೊಂಡು, ಕೈ ಬಿಚ್ಚಿ ಡ್ರೈ ಹಾಪಿಂಗ್ ಮಾಡಿ, ಮೂರು ದಿನದಲ್ಲಿ ಬಾಟಲಿಗೆ ತುಂಬಿಸಿದೆ. ಹತ್ತನೆಯ ದಿನ ರಾತ್ರಿ ಕಪಾಟಿನಲ್ಲಿ ಒಂದು ಬಾಟಲಿ ಸಿಡಿಯಿತು. ಟವೆಲ್ ಸುತ್ತಿ ತೆರೆದ ಎರಡನೆಯ ಬಾಟಲಿಯ ಬಿಯರ್ ಛಾವಣಿಗೆ ತಗುಲಿ ಹಸಿರು ಚುಕ್ಕೆಗಳನ್ನು ಬಿಟ್ಟಿತು, ಅವು ಇನ್ನೂ ಇವೆ. ಹಾಪ್ಸ್‌ನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳಿವೆ. ಕುದಿಸದೆ ಹಾಕಿದಾಗ ಅವು ಜೀವಂತವಾಗಿದ್ದು, ಯೀಸ್ಟ್ ಬಿಟ್ಟಿದ್ದ ದೊಡ್ಡ ಶರ್ಕರಗಳನ್ನು ತುಂಡರಿಸಿ ಅದಕ್ಕೆ ಮತ್ತೆ ಊಟ ಬಡಿಸುತ್ತವೆ. ಬ್ರೌನ್ ಮತ್ತು ಮಾರಿಸ್ ಎಂಬವರು 1893ರಲ್ಲೇ ಇದನ್ನು ವರದಿ ಮಾಡಿದ್ದರೆಂದು ಛಾವಣಿ ಒರೆಸಿದ ಮೇಲೆ ಓದಿದೆ.

ಕಂದು ಬಾಟಲಿ:
ಜೀವಂತ ಎನ್ನಬೇಡಿ, ಸಕ್ರಿಯ ಎನ್ನಿ. ಕಿಣ್ವಕ್ಕೆ ಜೀವವಿಲ್ಲ.

ನೊರೆನೋಟ:
ಆ ರಾತ್ರಿ ನೀವು ನಮ್ಮ ಮನೆಯಲ್ಲಿರಲಿಲ್ಲ.

ಕುತೂಹಲಿ:
ಎಲ್ಲರಿಗೂ ಧನ್ಯವಾದಗಳು. ಗೆಳೆಯರಿಗೆ ಈ ಚರ್ಚೆಯನ್ನು ತೋರಿಸಿದೆ. ಕಸಿಯ ಕಥೆಯನ್ನು ಅವರೂ ನಂಬಿದ್ದರಂತೆ. ಉಳಿದ ಗುಳಿಗೆಗಳನ್ನು ಅಡುಗೆಮನೆಯಲ್ಲಿ ತೆರೆದ ಬಟ್ಟಲಿನಲ್ಲಿಟ್ಟಿದ್ದೇನೆ, ಆಗಾಗ ಮೂಸಲೆಂದು. ನಮ್ಮ ನಾಯಿಯೂ ಕುತೂಹಲದಿಂದ ಸುತ್ತುತ್ತಿದೆ.

ಬೇಲಿಬಳ್ಳಿ:
ದಯವಿಟ್ಟು ಈ ಕ್ಷಣವೇ ತೆಗೆದಿಡಿ! ನಾಯಿಗಳಿಗೆ ಹಾಪ್ಸ್ ವಿಷ. ತಿಂದರೆ ದೇಹದ ಉಷ್ಣತೆ ವಿಪರೀತ ಏರಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಬಿಯರ್ ತಯಾರಿಸಿ ಉಳಿದ ಚರಟವೂ ಅಪಾಯವೇ. ಈಗಾಗಲೇ ಬಾಯಿ ಹಾಕಿರುವ ಅನುಮಾನವಿದ್ದರೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ನೊರೆನೋಟ:
ಅನುಮೋದಿಸುತ್ತೇನೆ. ಗಾಳಿಯಾಡದ ಪೊಟ್ಟಣಕ್ಕೆ ಹಾಕಿ ಫ್ರೀಜರಿನಲ್ಲಿಡಿ. ತೆರೆದಿಟ್ಟರೆ ಹೇಗೂ ಆಮ್ಲಗಳು ಗಾಳಿಗೆ ಕೆಟ್ಟು ಹಳೆಯ ಚೀಸಿನ ವಾಸನೆ ಬರುತ್ತದೆ.

ಕುತೂಹಲಿ:
ಎಣಿಸಿಟ್ಟಿರಲಿಲ್ಲ, ಆದರೆ ಬಟ್ಟಲಿನ ಮೇಲೆ ಮುಚ್ಚಿದ್ದ ತಟ್ಟೆ ಕದಲಿರಲಿಲ್ಲ. ನಾಯಿ ಆರಾಮವಾಗಿ ಮಲಗಿದೆ, ಆದರೂ ವೈದ್ಯರಿಗೆ ಫೋನ್ ಮಾಡಿ ಕೇಳಿದ್ದೇನೆ. ಇಂದು ರಾತ್ರಿ ಗಮನಿಸುತ್ತಿರಿ ಎಂದರು. ಗುಳಿಗೆಗಳು ಫ್ರೀಜರಿಗೆ ಹೋದವು.

ಮಾಲ್ಟ್‌ವಾದಿ:
ತೆರೆದ ಬಟ್ಟಲು ಎಂದು ಬರೆದಿದ್ದಿರಿ, ಈಗ ತಟ್ಟೆ ಮುಚ್ಚಿತ್ತು ಎನ್ನುತ್ತೀರಿ. ಇನ್ನೊಮ್ಮೆ ನೋಡಿ.

ಕುತೂಹಲಿ:
ನೋಡಿದೆ. ತಟ್ಟೆ ಮುಚ್ಚಿದ್ದು ಮನೆಯವರು. ಅವರಿಗೆ ಆ ವಾಸನೆ ಆಗುವುದಿಲ್ಲವಂತೆ.